ಕ್ಯೂ ಮಧ್ಯದಿಂದ ಹೊರಗೆ ಬರುವುದು ಹೇಗೆ?

ಡಬ್ಲಿ ಲಿಂಕ್ಡ್ ಲಿಸ್ಟ್ ಪ್ರೋಗ್ರಾಂ ಬರೆಸದ ಡೇಟಾ ಸ್ಟ್ರಕ್ಚರ್ ಲ್ಯಾಬ್ ನಮ್ಮಲ್ಲಿ ಸಿಗುವುದು ಕಷ್ಟ. ಡೇಟಾ ಇಟ್ಟ ಪ್ರತಿ ನೋಡ್‌ನಲ್ಲೂ ಮುಂದಿನ ನೋಡ್‌ನ ವಿಳಾಸಕ್ಕೊಂದು, ಹಿಂದಿನದರ ವಿಳಾಸಕ್ಕೊಂದು ಪಾಯಿಂಟರ್ ಇರುವ ಸರಪಳಿ ಇದು. ಮುಂದೆ ಸೇರಿಸು, ಹಿಂದೆ ಸೇರಿಸು, ಮುಂದಿನಿಂದ ತೆಗೆ, ಹಿಂದಿನಿಂದ ತೆಗೆ. ಮೆನುವಿನಲ್ಲಿ ನಂಬರ್ ಒತ್ತಿದರೆ ಔಟ್‌ಪುಟ್ ಬರುತ್ತದೆ, ರೆಕಾರ್ಡ್‌ಗೆ ಸಹಿ ಬೀಳುತ್ತದೆ. ಈ ಲಿಸ್ಟ್ ಯಾಕೆ ಬೇಕು ಅನ್ನೋದನ್ನು ಮಾತ್ರ ಯಾರೂ ಕೇಳುವುದಿಲ್ಲ.

ಬರೀ ಕ್ಯೂ ಸಾಕು ಅನ್ನುವುದಾದರೆ ಇದು ಬೇಕಾಗಿಯೇ ಇಲ್ಲ. ಹಿಂದೆ ಸೇರಿಸಿ ಮುಂದಿನಿಂದ ತೆಗೆಯಲು, ಮುಂದಿನ ನೋಡನ್ನು ಮಾತ್ರ ತೋರಿಸುವ ಸಿಂಗ್ಲಿ ಲಿಂಕ್ಡ್ ಲಿಸ್ಟ್ ಸಾಕು. ಕೊನೆಯ ನೋಡ್‌ಗೆ ಒಂದು ಪಾಯಿಂಟರ್ ಇಟ್ಟುಕೊಂಡರಾಯಿತು. ಜಾವಾದಲ್ಲಂತೂ, ಕ್ಯೂ ಆಗಿ ಬಳಸುವಾಗ ಲಿಂಕ್ಡ್‌ಲಿಸ್ಟ್‌ಗಿಂತ ಅರೇ ಮೇಲೆ ಕಟ್ಟಿದ ಅರೇಡೆಕ್ ವೇಗವಾಗಿರುವ ಸಾಧ್ಯತೆ ಜಾಸ್ತಿ ಎಂದು ಅದರ ಡಾಕ್ಯುಮೆಂಟೇಶನ್ನೇ ಹೇಳುತ್ತದೆ.

ಹಿಂದಿನ ನೋಡನ್ನು ತೋರಿಸುವ ಆ ಎರಡನೇ ಪಾಯಿಂಟರ್‌ಗೆ ಬೆಲೆ ಬರುವುದು, ಕ್ಯೂ ಮಧ್ಯದಲ್ಲಿ ಇದ್ದವರು ಹೊರಡುವಾಗ. ಲಿನಕ್ಸ್‌ನಲ್ಲಿ ಒಂದು ಪ್ರೋಗ್ರಾಂ ಪೋಲ್ ಮಾಡಿ (ಎಲ್ಲಿ ಡೇಟಾ ಬಂದರೂ ಎಬ್ಬಿಸು ಎಂದು ಹೇಳಿ) ಹತ್ತಾರು ಕನೆಕ್ಷನ್‌ಗಳಿಗಾಗಿ ಒಟ್ಟಿಗೆ ಕಾಯುತ್ತಿದೆ ಅನ್ನಿ. ಪ್ರತಿ ಕನೆಕ್ಷನ್ನಿಗಾಗಿ ಕಾಯುವವರ ಪಟ್ಟಿಯಾದ ವೇಟ್ ಕ್ಯೂನಲ್ಲೂ ಅದರದೊಂದು ನೋಡ್ ನಿಂತಿರುತ್ತದೆ. ಯಾವುದೋ ಒಂದರಲ್ಲಿ ಡೇಟಾ ಬಂತು. ಈಗ ಉಳಿದ ಎಲ್ಲ ಕ್ಯೂಗಳಿಂದಲೂ ಆ ಪ್ರೋಗ್ರಾಂನ ನೋಡ್ ಹೊರಬರಬೇಕು. ತನ್ನ ಮುಂದೆ ಎಷ್ಟು ನೋಡ್ ಇವೆ ಅನ್ನೋದು ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಎಡಬಲದವರು ಯಾರೆಂದು ಗೊತ್ತಿದೆಯಲ್ಲ, ಅವರಿಬ್ಬರ ಒಂದೊಂದು ಪಾಯಿಂಟರ್ ಬದಲಾಯಿಸಿದರೆ ಮುಗಿಯಿತು. ಸೇರಿಸುವಾಗ ನಾಲ್ಕು ಪಾಯಿಂಟರ್. ಕ್ಯೂನಲ್ಲಿ ಹತ್ತು ನೋಡ್ ಇರಲಿ, ಹತ್ತು ಲಕ್ಷ ಇರಲಿ, ಕೆಲಸ ಅಷ್ಟೇ. ಸಿಂಗ್ಲಿ ಆಗಿದ್ದರೆ ಹಿಂದಿನ ನೋಡ್ ಹುಡುಕಲು ಮೊದಲಿನಿಂದ ನಡೆದುಕೊಂಡು ಬರಬೇಕಿತ್ತು.

ಇನ್ನೊಂದು ತಕರಾರು ನಲ್ ಚೆಕ್‌ಗಳದ್ದು, ಅಂದರೆ ಪಾಯಿಂಟರ್ ಖಾಲಿಯೇ ಎಂದು ನೋಡುವ ಇಫ್‌ಗಳದ್ದು. ಲಿಸ್ಟ್ ಖಾಲಿಯೇ? ಒಂದೇ ನೋಡ್ ಇದೆಯೇ? ಇದು ಮೊದಲನೆಯದೇ, ಕೊನೆಯದೇ? ಲ್ಯಾಬ್ ಪ್ರೋಗ್ರಾಂನ ಅರ್ಧ ಭಾಗ ಇದೇ ಇರುತ್ತದೆ, ಅಲ್ವಾ? ಲಿನಕ್ಸ್‌ನ ತಿರುಳಾದ ಕರ್ನಲ್‌ನ ಲಿಸ್ಟ್.ಎಚ್ ಫೈಲ್ ತೆರೆದು ನೋಡಿ. ಸೇರಿಸುವ, ತೆಗೆಯುವ ಕೋಡಿನಲ್ಲಿ ಈ ಪ್ರಶ್ನೆಗಳಲ್ಲಿ ಒಂದೂ ಇಲ್ಲ. ಡೇಟಾ ಇಲ್ಲದ ಒಂದು ಹೆಡ್ ನೋಡ್ ಇಟ್ಟು ಲಿಸ್ಟನ್ನು ಸುತ್ತು ಹಾಕಿದ್ದಾರೆ. ಖಾಲಿ ಇದ್ದಾಗ ಹೆಡ್ ಎರಡೂ ಕಡೆ ತನ್ನನ್ನೇ ತೋರಿಸುತ್ತದೆ. ಹಾಗಾಗಿ ಯಾವ ನೋಡ್‌ಗೂ ಎಡಬಲ ಇಲ್ಲ ಅನ್ನುವ ಮಾತೇ ಬರುವುದಿಲ್ಲ.

ಇದು ಹೊಸ ಜಾಣತನವೇನಲ್ಲ. ಡಿಇಸಿ ಕಂಪನಿ 1977ರಲ್ಲಿ ತಂದ ವ್ಯಾಕ್ಸ್ ಕಂಪ್ಯೂಟರ್‌ನಲ್ಲಿ ಇಂಥದ್ದೇ ಕ್ಯೂಗೆ ಸೇರಿಸಲು ಇನ್ಸ್‌ಕ್ಯೂ, ತೆಗೆಯಲು ರೆಮ್‌ಕ್ಯೂ ಎಂಬ ಇನ್‌ಸ್ಟ್ರಕ್ಷನ್‌ಗಳು ಪ್ರೊಸೆಸರ್‌ನಲ್ಲೇ ಇದ್ದವು! ಒಂದೇ ಇನ್‌ಸ್ಟ್ರಕ್ಷನ್ ಆದ್ದರಿಂದ, ಅರ್ಧ ಕೊಂಡಿ ಕಟ್ಟಿದ ಹೊತ್ತಿಗೆ ಇಂಟರಪ್ಟ್ (ನಡೆಯುತ್ತಿರುವ ಕೆಲಸವನ್ನು ತಡೆಯುವ ಸಂಕೇತ) ನುಗ್ಗುವ ಭಯವಿರಲಿಲ್ಲ. ಅದೇ ಹೆಸರಿನ ಎರಡು ಸಿ ಫಂಕ್ಷನ್‌ಗಳು ಮುಂದೆ ಯುನಿಕ್ಸ್ ಮಾದರಿಯ ಸಿಸ್ಟಮ್‌ಗಳ ಮಾನದಂಡವಾದ ಪಾಸಿಕ್ಸ್‌ಗೂ ಬಂದವು.

ತೆಗೆದ ನೋಡನ್ನು ಲಿನಕ್ಸ್ ಸುಮ್ನೆ ಬಿಡುವುದಿಲ್ಲ. ಅದರ ಎರಡೂ ಪಾಯಿಂಟರ್‌ಗಳಿಗೆ ಬೇಕಂತಲೇ ಕೆಟ್ಟ ವಿಳಾಸ ತುಂಬುತ್ತದೆ. ಅದನ್ನು ಹಿಡಿದು ಯಾರಾದರೂ ಮುಂದೆ ಹೋಗಲು ನೋಡಿದರೆ ತಪ್ಪು ಅಲ್ಲೇ ಬಯಲಾಗುತ್ತದೆ.

ನನ್ನನ್ನು ಕೇಳಿದರೆ ಆ ಉದ್ದದ ಮೆನು ಪ್ರೋಗ್ರಾಂ ಬಿಟ್ಟುಬಿಡಲಿ. ಮಧ್ಯದ ಒಂದು ನೋಡಿನ ವಿಳಾಸ ಕೊಟ್ಟು, ಲೂಪ್ ಇಲ್ಲದೆ, ಇಫ್ ಇಲ್ಲದೆ ತೆಗೆದು ತೋರಿಸಿ ಅಂತ ವೈವಾದಲ್ಲಿ ಕೇಳಲಿ. ಉತ್ತರ ಎರಡೇ ಸಾಲು.