ಅಳಿಯನ ಬ್ಯಾಕ್‌ಲಾಗು

ಹೊಸ ವರ್ಷದ ಮೊದಲ ಭಾನುವಾರ. ಬನಶಂಕರಿಯ ನಮ್ಮ ಮನೆ ಬಾಲ್ಕನಿಯಲ್ಲಿ ನಿಂತು ಗೆಳೆಯನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ. "ಏನಾದ್ರೂ ಆಗ್ಲಿ ಮಗಾ, ಈ ವರ್ಷ ಬ್ಯಾಕ್‌ಲಾಗ್ ಪೂರ್ತಿ ಕ್ಲಿಯರ್ ಮಾಡ್ತೀನಿ" ಅಂದೆ. ಒಳಗೆ ಪೇಪರ್ ಓದುತ್ತಿದ್ದ ಮಾವನವರ ಕಾಫಿ ಲೋಟ ಬಾಯಿಗೆ ಹೋಗದೆ ಅಲ್ಲೇ ನಿಂತಿತು.

ಅವರ ಲೆಕ್ಕದಲ್ಲಿ ಬ್ಯಾಕ್‌ಲಾಗ್‌ಗೆ ಎರಡೇ ಅರ್ಥ. ಒಂದು, ಸರ್ಕಾರ ವರ್ಷಗಟ್ಟಲೆ ತುಂಬದೆ ಬಿಟ್ಟ ಹುದ್ದೆ. ಇನ್ನೊಂದು, ಎಂಜಿನಿಯರಿಂಗ್ ಹುಡುಗರು ಫೇಲಾಗಿ ಉಳಿಸಿಕೊಂಡ ಸಬ್ಜೆಕ್ಟು. ನಾನು 'ಕ್ಲಿಯರ್' ಅಂದಿದ್ದರಿಂದ ಎರಡನೆಯದೇ ಇರಬೇಕು ಅಂತ ತೀರ್ಮಾನಿಸಿದರು. ನಮ್ಮ ಮದುವೆಯಾಗಿ 11 ವರ್ಷ. ಮಧ್ಯಾಹ್ನ ಊಟಕ್ಕೆ ಕೂತಾಗ, ಮಗಳು ಅಡುಗೆಮನೆಗೆ ಹೋದ ಹೊತ್ತು ನೋಡಿ, ಮೆಲ್ಲಗೆ ಕೇಳಿದರು: "ಅಳಿಯಂದ್ರೇ, ನಿಮ್ದು ಬಿ.ಇ. ಪಾಸಾಗಿದೆ ತಾನೆ?"

ದುಡ್ಡು ಕೊಟ್ಟು ಕೊಂಡು ಆಡದೇ ಬಿಟ್ಟ ವಿಡಿಯೋ ಗೇಮ್‌ಗಳ ವಿಷಯ ಅಂತ ಬಿಡಿಸಿ ಹೇಳಿದೆ. ಅವರಿಗೆ ನೆಮ್ಮದಿಯಾಯಿತು. ನೆಮ್ಮದಿಯ ಹಿಂದೆಯೇ ಆಸಕ್ತಿಯೂ ಬಂತು. 34 ವರ್ಷ ಸರ್ಕಾರಿ ಕಚೇರಿಯಲ್ಲಿದ್ದು ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದವರು. ಪೆಂಡಿಂಗ್ ಅನ್ನೋ ಪದ ಕಿವಿಗೆ ಬಿದ್ದರೆ ಈಗಲೂ ಬೆನ್ನು ನೆಟ್ಟಗಾಗುತ್ತದೆ.

"ಒಟ್ಟು ಎಷ್ಟಿದೆ?"

"219."

"ವಿಲೇವಾರಿ ಆಗಿದ್ದು?"

"ನಾಲ್ಕು."

"ತೀರಾ ಹಳೇದು ಯಾವ ಸಾಲಿಂದು?"

"2015, ಮಾವ."

"ಪರವಾಗಿಲ್ಲ" ಅಂದರು ಮಜ್ಜಿಗೆ ಕಲಸುತ್ತಾ. "ನಮ್ಮ ಸೆಕ್ಷನ್ನಲ್ಲಿ 1987ರದ್ದು ಇತ್ತು."

2015ಕ್ಕೆ ಒಂದು ಕಾರಣ ಇದೆ. ಸ್ಟೀಮ್ ಅನ್ನೋ ಅಂಗಡಿ 2003ರಿಂದ ಇದೆ. ಗೇಮ್ ಅನ್ನು ಅಲ್ಲೇ ಕೊಂಡು ಅಲ್ಲಿಂದಲೇ ಕಂಪ್ಯೂಟರಿಗೆ ಇಳಿಸಿಕೊಳ್ಳುವ ವ್ಯವಹಾರ. ಆದರೆ ಬೆಲೆ ಡಾಲರಿನಲ್ಲಿತ್ತು, ನಾವು ಹೆದರಿಕೊಂಡು ದೂರ ಇದ್ದೆವು. 2015ರ ಕೊನೆಗೆ ಅದು ರೂಪಾಯಿಯಲ್ಲಿ ಬೆಲೆ ತೋರಿಸಿತು. ಆಮೇಲೆ ಬೇಸಿಗೆಗೊಂದು ಸೇಲು, ಚಳಿಗಾಲಕ್ಕೊಂದು ಸೇಲು. ನಾನು ಬಸವನಗುಡಿಯ ಕಡಲೆಕಾಯಿ ಪರಿಷೆಗೆ ನುಗ್ಗಿದವನ ಹಾಗೆ ನುಗ್ಗಿದೆ. ಪರಿಷೆಯಲ್ಲಿ ಆಸೆಬಿದ್ದು ಜಾಸ್ತಿ ಕೊಂಡ ಕಡಲೆಕಾಯಿಗೆ ಒಂದಲ್ಲ ಒಂದು ದಿನ ಹುಳ ಬೀಳುತ್ತದೆ, ಎಸೆದು ಕೈತೊಳೆದುಕೊಳ್ಳಬಹುದು. ಗೇಮ್‌ಗೆ ಹುಳ ಬೀಳಲ್ಲ. ಅದೇ ಅದರ ದೊಡ್ಡ ದೋಷ.

ಇದು ಸಾಲದು ಅಂತ 2018ರ ಡಿಸೆಂಬರಿನಲ್ಲಿ ಎಪಿಕ್ ಅನ್ನೋ ಇನ್ನೊಂದು ಅಂಗಡಿ ತೆರೆಯಿತು. ಅವರು ಗೇಮ್‌ಗಳನ್ನು ಪುಕ್ಕಟೆ ಹಂಚುತ್ತಾರೆ. ಅದೂ ಗುರುವಾರ. ಗುರುವಾರ ರಾಯರ ಮಠಕ್ಕೆ ಹೋದವರು ಪ್ರಸಾದ ಬೇಡ ಅನ್ನೋದುಂಟಾ? 2020ರ ಮೇ ತಿಂಗಳು, ಲಾಕ್‌ಡೌನ್ ಕಾಲ, ಗ್ರ್ಯಾಂಡ್ ಥೆಫ್ಟ್ ಆಟೋ 5 ಅನ್ನೋ ಹೆಸರುವಾಸಿ ಗೇಮನ್ನೇ ಹಂಚಿಬಿಟ್ಟರು. ಮನೆಯಿಂದ ಹೊರಗೆ ಕಾಲಿಡುವ ಹಾಗಿರಲಿಲ್ಲ, ಬೇರೆ ಕೆಲಸವೂ ಇರಲಿಲ್ಲ. ಆಗಲೂ ನಾನು ಅದನ್ನು ಆಡಲಿಲ್ಲ. 'ಸಮಯ ಸಿಕ್ಕಾಗ ಆಡೋಣ' ಅಂತ ಎತ್ತಿಟ್ಟೆ.

ನಾನು ಹುಟ್ಟಾ ಹೀಗಿರಲಿಲ್ಲ. ತೊಂಬತ್ತರ ದಶಕದಲ್ಲಿ ಟಿವಿಗೆ ಸಿಕ್ಕಿಸುವ ವಿಡಿಯೋ ಗೇಮ್ ಇತ್ತು. ಕ್ಯಾಸೆಟ್ ಮೇಲೆ '9999 ಇನ್ 1' ಅಂತ ಬರೆದಿರುತ್ತಿತ್ತು. ಒಳಗೆ ಇದ್ದಿದ್ದು ಒಂದು ಹತ್ತು ಆಟ, ಅವೇ ತಿರುಗಾ ಮುರುಗಾ. ಕಾಂಟ್ರಾ ಅನ್ನೋ ಆಟ ಹಾಕಿದರೆ ಬಟನ್ ಒತ್ತುವ ಕ್ರಮ ಹೀಗೆ: ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ ಎಡ ಬಲ, ಬಿ, ಎ. ಮೂರು ಜೀವ ಮೂವತ್ತಾಗುತ್ತಿತ್ತು. ಮಗ್ಗಿ ಮರೆತಿದ್ದೇನೆ, ಆ ಮಂತ್ರ ಮರೆತಿಲ್ಲ. ಅದೇ ಆಟವನ್ನು ಎಷ್ಟು ಸಲ ಮುಗಿಸಿದೆವೋ ಲೆಕ್ಕ ಇಲ್ಲ. ಆಗ ಅಮ್ಮ "ಆಡಿದ್ದು ಸಾಕು, ಎದ್ದೇಳೋ" ಅಂತ ವೈರ್ ಕೀಳುತ್ತಿದ್ದರು. ಈಗ ಅದೇ ಅಮ್ಮ "ಅಷ್ಟು ದುಡ್ಡು ಸುರಿದಿದೀಯ, ದಿನಕ್ಕೊಂದು ಗಂಟೆ ಕೂತು ಆಡಬಾರ್ದಾ" ಅಂತ ಬೈಯುತ್ತಾರೆ. ತಟ್ಟೆಯಲ್ಲಿ ಅನ್ನ ಬಿಟ್ಟಾಗ ಬರುತ್ತಿತ್ತಲ್ಲ, ಅದೇ ದನಿ.

ಮಾವನವರು ಊಟ ಮುಗಿಸಿ ಒಂದು ರೂಲ್ಡ್ ರಿಜಿಸ್ಟರ್ ತರಿಸಿದರು. ಸ್ಕೇಲಿಟ್ಟು ಗೆರೆ ಎಳೆದು ಆವಕ, ಜಾವಕ ಅಂತ ಎರಡು ಕಲಂ ಮಾಡಿದರು. ಆಮೇಲೆ ದಾಖಲೆ ಪರಿಶೀಲನೆ.

"ಇವೆಲ್ಲಾ ನಿಮ್ಮ ಹೆಸರಲ್ಲೇ ಇದೆಯಾ? ಎ ಖಾತಾನಾ, ಬಿ ಖಾತಾನಾ?"

ಇಲ್ಲಿ ನಾನು ಸ್ವಲ್ಪ ತಡವರಿಸಿದೆ. ಕ್ಯಾಲಿಫೋರ್ನಿಯಾದಲ್ಲಿ 2024ರಲ್ಲಿ ಒಂದು ಕಾನೂನು ಬಂತು. ಡಿಜಿಟಲ್ ಸರಕು ಮಾರುವವರು ಗಿರಾಕಿಗೆ ಏನು ಸಿಗುತ್ತೆ ಅಂತ ನೇರವಾಗಿ ಹೇಳಬೇಕು ಅನ್ನೋದು. ಅವತ್ತಿಂದ ಸ್ಟೀಮಿನಲ್ಲಿ ದುಡ್ಡು ಕಟ್ಟುವ ಮೊದಲೇ ಬರೆದಿರುತ್ತದೆ: ನಿಮಗೆ ಸಿಗುವುದು ಲೈಸೆನ್ಸು. ಗೇಮ್ ಅಲ್ಲ, ಆಡಲು ಪರವಾನಗಿ. 2014ರಲ್ಲಿ ಬಂದ 'ದಿ ಕ್ರೂ' ಅನ್ನೋ ಕಾರ್ ಆಟದ ಸರ್ವರ್‌ಗಳನ್ನು ಅದರ ಕಂಪನಿ 2024ರ ಮಾರ್ಚ್ 31ಕ್ಕೆ ಮುಚ್ಚಿತು. ಕಾಸು ಕೊಟ್ಟು ಕೊಂಡವರಿಗೂ ಆಟ ಬಂದ್.

"ಹಾಗಾದ್ರೆ ಬಿ ಖಾತಾಕ್ಕಿಂತ ಕಡೆ" ಅಂದರು ಮಾವ. "ಹೋಗ್ಲಿ, ನಾಳೆ ನಿಮಗೇನಾದ್ರೂ ಆದ್ರೆ ಮಗನ ಹೆಸರಿಗೆ ಪೌತಿ ಖಾತೆ ಆಗತ್ತಾ?"

ಆಗಲ್ಲ. ಸ್ಟೀಮ್ ಖಾತೆಯನ್ನು ಇನ್ನೊಬ್ಬರಿಗೆ ವರ್ಗಾಯಿಸುವ ಹಾಗಿಲ್ಲ, ಉಯಿಲು ಬರೆದರೂ ಇಲ್ಲ. ಮಾವ ಪೆನ್ನಿನ ಕ್ಯಾಪ್ ಹಾಕಿ ನನ್ನನ್ನೇ ನೋಡಿದರು. ರೆವಿನ್ಯೂ ಸೈಟು ಕೊಂಡು ಮೋಸಹೋದ ತಮ್ಮನನ್ನು ನೋಡುವ ನೋಟ ಅದು.

ಹೊಸದಾಗಿ ಒಂದೂ ಕೊಳ್ಳದೆ ಇದ್ದರೆ ಎಷ್ಟು ದಿನ ಬೇಕು ಅಂತ ಅವರೇ ಲೆಕ್ಕ ಹಾಕಿದರು. ಉಳಿದ 215ರಲ್ಲಿ ಒಂದಕ್ಕೆ ಸರಾಸರಿ 25 ಗಂಟೆ ಅಂತ ಹಿಡಿದರೆ 5,375 ಗಂಟೆ. ವಾರಕ್ಕೆ ನಾಲ್ಕು ಗಂಟೆ ಆಡಿದರೆ ಸುಮಾರು 26 ವರ್ಷ. ನನಗೀಗ 38. "ಅಂದ್ರೆ ರಿಟೈರಾಗಿ ನಾಲ್ಕು ವರ್ಷಕ್ಕೆ ಮುಗಿಯತ್ತೆ" ಅಂದರು. ಅವರ ಮುಖದಲ್ಲಿ ತಮಾಷೆಯ ಸುಳಿವೂ ಇರಲಿಲ್ಲ. 2017ರಲ್ಲಿ ಕೆಲಸ ಶುರುವಾಗಿ 2019ಕ್ಕೆ ಮುಗಿಯಬೇಕಿದ್ದ ಬೆಂಗಳೂರಿನ ಈಜಿಪುರ ಮೇಲ್ಸೇತುವೆ 2024 ಕಳೆದರೂ ಮುಗಿದಿರಲಿಲ್ಲ. ಉದ್ದ ಎರಡೂವರೆ ಕಿಲೋಮೀಟರ್. ಆ ಊರಿನವನಾದ ನನಗೆ 26 ವರ್ಷ ಅಂದರೆ ನ್ಯಾಯವಾದ ಗಡುವು ಅನ್ನಿಸಿತು.

ಶನಿವಾರ ರಾತ್ರಿ ಮುಹೂರ್ತ. ಮಾವ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತರು. 2015ರ ವಿಚರ್ 3 ತೆಗೆದೆ. ಮುಖ್ಯ ಕಥೆಗೇ ಸುಮಾರು 50 ಗಂಟೆ ಬೇಕಾದ ಆಟ. ತೆಗೆದ ತಕ್ಷಣ ಅಪ್‌ಡೇಟ್ ಅಂತ ಕೂತುಕೊಂಡಿತು. ಒಂದು ಗಂಟೆ ನಾವಿಬ್ಬರೂ ನೀಲಿ ಗೆರೆ ಬೆಳೆಯುವುದನ್ನೇ ನೋಡಿದೆವು. ಮಾವನವರಿಗೆ ಬೇಜಾರಾಗಲಿಲ್ಲ, ಅಭ್ಯಾಸ ಇತ್ತು.

ಕೊನೆಗೂ ಆಟ ತೆರೆಯಿತು. ನಾನು ಹಿಂದೆ ಬಿಟ್ಟಿದ್ದು ಎರಡು ವರ್ಷದ ಕೆಳಗೆ. ನಮ್ಮ ಹೀರೋ ಯಾವುದೋ ಕೆಸರಿನಲ್ಲಿ ನಿಂತಿದ್ದ. ಯಾಕೆ ನಿಂತಿದ್ದ, ಯಾರನ್ನು ಹೊಡೆಯಲು ಬಂದಿದ್ದ, ಕುದುರೆ ಎಲ್ಲಿ, ಕತ್ತಿ ಎತ್ತುವ ಬಟನ್ ಯಾವುದು, ಒಂದೂ ನೆನಪಿಲ್ಲ. ಕೆಲಸ ಬಿಟ್ಟು ಹೋದವನ ಪ್ರಾಜೆಕ್ಟನ್ನು ಕೆಟಿ, ಅಂದರೆ ಕೆಲಸ ಒಪ್ಪಿಸುವಾಗ ಹೇಳಿಕೊಡುವ ಪಾಠ, ಇಲ್ಲದೆ ತಲೆಗೆ ಕಟ್ಟಿದ ಹಾಗಾಯಿತು. ಇಲ್ಲಿ ಬಿಟ್ಟು ಹೋದವನೂ ನಾನೇ, ಹಾಗಾಗಿ ಬೈಯೋಕೂ ಯಾರೂ ಇಲ್ಲ. ಸುಮ್ನೆ ಕುದುರೆ ಹುಡುಕಿಕೊಂಡು ಒಂದು ಹೋಟೆಲಿಗೆ ಹೋದೆ. ಅಲ್ಲಿ ಗ್ವೆಂಟ್ ಅಂತ ಕಾರ್ಡಿನ ಆಟ ಆಡುತ್ತಿದ್ದರು. ಕೂತೆ.

"ಇವನ ಕೆಲಸ ಏನು?" ಮಾವ ಕೇಳಿದರು.

"ಸಾಕುಮಗಳು ಕಾಣೆಯಾಗಿದ್ದಾಳೆ. ಹುಡುಕಬೇಕು."

"ಮತ್ತೆ ಇಸ್ಪೀಟ್ ಆಡ್ತಾ ಕೂತಿದ್ದಾನಲ್ಲ?"

"ಎಲ್ಲರೂ ಹೀಗೇ ಆಡೋದು ಮಾವ."

"ಡ್ಯೂಟಿ ಟೈಮಲ್ಲಿ" ಅಂತ ರಿಜಿಸ್ಟರಿನಲ್ಲಿ ಏನೋ ಬರೆದುಕೊಂಡರು.

ಮಾರನೇ ಬೆಳಿಗ್ಗೆ ನನಗೆ ಪಾಠ. "ವಿಲೇವಾರಿ ಅಂದ್ರೆ ಕೆಲಸ ಮುಗ್ಸೋದು ಅಂತ ಯಾರು ಹೇಳಿದ್ದು? ಫೈಲು ನಮ್ಮ ಟೇಬಲ್ ಬಿಟ್ಟು ಹೋಗಬೇಕು, ಅಷ್ಟೇ." ಹೆದರಿಸುವ ಗೇಮ್‌ಗಳು ಹನ್ನೆರಡಿದ್ದವು. 'ನಮ್ಮ ವ್ಯಾಪ್ತಿಗೆ ಬರುವುದಿಲ್ಲ' ಅಂತ ಹಿಂಬರಹ ಕೊಡಿಸಿದರು. 150 ಜಿಬಿ ಜಾಗ ಕೇಳುವ ರೆಡ್ ಡೆಡ್ ರಿಡೆಂಪ್ಶನ್ 2ಕ್ಕೆ 'ಸ್ಥಳಾವಕಾಶದ ಕೊರತೆ'. ಕೆಲವದರ ಕ್ಲೈಮ್ಯಾಕ್ಸ್ ಮಾತ್ರ ಯೂಟ್ಯೂಬಿನಲ್ಲಿ ನೋಡಿ 'ವರದಿ ತರಿಸಿಕೊಂಡು ಮುಕ್ತಾಯಗೊಳಿಸಲಾಗಿದೆ'. ಸಂಜೆ ಹೊತ್ತಿಗೆ ಜಾವಕ ಕಲಂನಲ್ಲಿ 61. ನನ್ನ ಜೀವನದಲ್ಲಿ ಇಷ್ಟು ಗೇಮ್ ಯಾವತ್ತೂ ಮುಗಿಸಿರಲಿಲ್ಲ.

ಇದನ್ನು ಆಫೀಸಿನ ಗೆಳೆಯರಿಗೆ ಹೇಳಿದರೆ ನಗಲಿಲ್ಲ. ನಗುವ ಸ್ಥಿತಿಯಲ್ಲಿ ಅವರಿಲ್ಲ. ಹಗಲೆಲ್ಲಾ ಆಫೀಸಿನ, ಅಂದರೆ ಬಾಕಿ ಉಳಿದ ಕೆಲಸದ, ಬ್ಯಾಕ್‌ಲಾಗಿಗೆ ಟಿಕೆಟ್ ಹಾಕಿ, ರಾತ್ರಿ ಮನೆಯಲ್ಲಿ ಗೇಮ್ ಬ್ಯಾಕ್‌ಲಾಗಿಗೂ ಟಿಕೆಟ್ ಹಾಕಿಕೊಂಡು ಕೂತಿದ್ದಾರೆ. ಎಕ್ಸೆಲ್ ಶೀಟಿನಲ್ಲಿ ಗಂಟೆಗೆ ಎಷ್ಟು ರೂಪಾಯಿ ಬಿತ್ತು ಅಂತ ಲೆಕ್ಕ. ಎರಡು ವಾರದ ಸ್ಪ್ರಿಂಟ್, ಅಂದರೆ ಇಷ್ಟು ದಿನದಲ್ಲಿ ಇಷ್ಟು ಮುಗಿಸಬೇಕು ಅನ್ನೋ ಕಂತು. ಸೋಮವಾರ ಸ್ಟ್ಯಾಂಡ್‌ಅಪ್: ನಿನ್ನೆ ಏನು ಆಡಿದೆ, ಇವತ್ತು ಏನು ಆಡ್ತೀಯ, ಅಡ್ಡಿ ಏನಾದ್ರೂ ಇದೆಯಾ. ಒಬ್ಬನಿಗೆ ಅಡ್ಡಿ ಹೆಂಡತಿ. ಇನ್ನೊಬ್ಬ ಗೇಮ್ ಇಷ್ಟವಾಗದಿದ್ದರೆ ವಾಪಸ್ ಕೊಡೋಣ ಅಂತ ಹೊರಟ. ಸ್ಟೀಮಿನಲ್ಲಿ ಕೊಂಡ 14 ದಿನದೊಳಗೆ, ಎರಡು ಗಂಟೆಗಿಂತ ಕಮ್ಮಿ ಆಡಿದ್ದರೆ ಹಣ ವಾಪಸ್. ಇವನು ಬಾಲ್ಡರ್ಸ್ ಗೇಟ್ 3ರಲ್ಲಿ ತನ್ನ ಪಾತ್ರದ ಮುಖ ತಿದ್ದುವುದರಲ್ಲೇ ಎರಡು ಗಂಟೆ ಹತ್ತು ನಿಮಿಷ ಕಳೆದಿದ್ದ. ಹಣವೂ ಹೋಯಿತು, ಆಟವೂ ಶುರುವಾಗಲಿಲ್ಲ. ಮುಖ ಮಾತ್ರ ಲಕ್ಷಣವಾಗಿದೆ.

ಮಂಡ್ಯದ ಕಡೆಯವನೊಬ್ಬ ಇದ್ದಾನೆ. ಅಪ್ಪ ಗದ್ದೆ ನಾಟಿಗೆ ಬಾ ಅಂದರೆ ರಜೆ ಇಲ್ಲ ಅನ್ನುತ್ತಾನೆ. ಸ್ಟಾರ್‌ಡ್ಯೂ ವ್ಯಾಲಿ ಅನ್ನೋ ಗೇಮಿನಲ್ಲಿ ಮಾತ್ರ ಬೆಳಿಗ್ಗೆ ಎದ್ದು ನೀರು ಹಾಯಿಸುತ್ತಾನೆ. ಅದರ ಕಥೆಯೇ ಕಂಪನಿ ಕೆಲಸ ಬಿಟ್ಟು ತಾತನ ಜಮೀನಿಗೆ ಹೋಗಿ ಬೇಸಾಯ ಮಾಡುವುದು. ಅದಕ್ಕಾಗಿ ಇವನು ಬಾಡಿಗೆ ಕಟ್ಟಿ ಬೆಳ್ಳಂದೂರಿನಲ್ಲಿ ಇದ್ದಾನೆ.

ಮಾವನವರಿಗೆ ಇಷ್ಟವಾಗಿದ್ದು ಒಂದೇ, ಯೂರೋ ಟ್ರಕ್ ಸಿಮ್ಯುಲೇಟರ್ 2. ಹೊಡೆದಾಟ ಇಲ್ಲ, ದೆವ್ವ ಇಲ್ಲ. ಲಾರಿಗೆ ಮಾಲು ತುಂಬಿಕೊಂಡು ಯುರೋಪಿನ ಒಂದೂರಿಂದ ಇನ್ನೊಂದೂರಿಗೆ ಹೋಗಬೇಕು. ಔಟರ್ ರಿಂಗ್ ರೋಡಿನಲ್ಲಿ ಎರಡು ಗಂಟೆ ಕ್ಲಚ್ ತುಳಿದು ಮನೆಗೆ ಬಂದವನು ಕಾಸು ಕೊಟ್ಟು ಮತ್ತೆ ಸ್ಟೇರಿಂಗ್ ಹಿಡಿಯುವುದೇನು ಅಂತ ನನ್ನ ಹೆಂಡತಿ ಕೇಳಿದಳು. ಮಾವ ಮಾತ್ರ ರೆಪ್ಪೆ ಮಿಟುಕಿಸದೆ ನೋಡುತ್ತಿದ್ದರು. "ರಸ್ತೆ ನೋಡೇ, ಒಂದು ಗುಂಡಿ ಇಲ್ಲ" ಅಂದರು ಮಗಳಿಗೆ. ಹ್ಯಾಂಬರ್ಗಿಗೆ ಹೋಗುವ ಮಾಲು. ಅರ್ಧ ದಾರಿಯಲ್ಲಿ ನಮ್ಮ ಕರೆಂಟು ಹೋಯಿತು. ಮಾರನೇ ದಿನ ಮಾವ ಊರಿಗೆ ಹೊರಟರು.

ಅವತ್ತಿಂದ ದಿನಾ ಸಂಜೆ ಏಳಕ್ಕೆ ಫೋನು. "ಅಳಿಯಂದ್ರೇ, ಆ ಲಾರಿ ಹ್ಯಾಂಬರ್ಗ್ ತಲುಪಿತಾ?" ಮೊದಲ ದಿನ ಮೀಟಿಂಗ್ ಇತ್ತು ಅಂದೆ. ಎರಡನೇ ದಿನ ಸಂಬಂಧಪಟ್ಟವರು ರಜೆಯಲ್ಲಿದ್ದಾರೆ ಅಂದೆ. ಸಂಬಂಧಪಟ್ಟವನು ನಾನೇ. ಮೂರನೇ ದಿನ ಬಾಯಿಗೆ ತಾನಾಗಿಯೇ ಬಂತು.

"ಮಾಲು ರೆಡಿ ಇದೆ ಮಾವ. ಸರ್ವರ್ ಡೌನ್ ಇದೆ, ನಾಳೆ ಫೋನ್ ಮಾಡಿ."

ಆ ಕಡೆ ತುಂಬಾ ಹೊತ್ತು ಸದ್ದಿಲ್ಲ. 34 ವರ್ಷ ಇಂಥ ಮಾತು ಹೇಳಿ ಅಭ್ಯಾಸವಿತ್ತು ಅವರಿಗೆ, ಕೇಳಿ ಇರಲಿಲ್ಲ.