ಕಲ್ಲಿನ ಕಮಾನು ಸೇತುವೆಯ ಪರೀಕ್ಷೆ ಬುಡದಿಂದ ಶುರುವಾಗಲಿ

1928ರಲ್ಲಿ ಕಟ್ಟಿದ, ಮಹಾರಾಷ್ಟ್ರದ ಮಹಾಡ್ ಬಳಿಯ ಕಲ್ಲಿನ ಕಮಾನು ಸೇತುವೆ 2016ರ ಆಗಸ್ಟ್ 2ರ ರಾತ್ರಿ ಸಾವಿತ್ರಿ ನದಿಯ ನೆರೆಗೆ ಕುಸಿಯಿತು. ಎರಡು ಸರ್ಕಾರಿ ಬಸ್ಸುಗಳು ಜನರ ಸಮೇತ ಹೊಳೆಯ ಪಾಲಾದವು. ಅದೇ ಹೆದ್ದಾರಿ ಮುಂದೆ ಕಾರವಾರ, ಉಡುಪಿ, ಮಂಗಳೂರುಗಳನ್ನು ಹಾದುಹೋಗುವುದರಿಂದ ಕರಾವಳಿಯವರಾದ ನಮಗೆ ಇದು ಪರಊರಿನ ಸುದ್ದಿಯಲ್ಲ. ಆ ವರ್ಷದ ಮೇ ತಿಂಗಳಲ್ಲಷ್ಟೇ ಸೇತುವೆಯನ್ನು ತಪಾಸಣೆ ಮಾಡಿ, ಸಂಚಾರಕ್ಕೆ ಯೋಗ್ಯವೆಂದು ಹೇಳಲಾಗಿತ್ತು ಎಂಬ ಸಂಗತಿ ಪ್ರತಿ ಮಳೆಗಾಲದಲ್ಲೂ ನನ್ನನ್ನು ಕಾಡುತ್ತದೆ.

ಕಮಾನು ಭಾರಕ್ಕೆ ಸುಲಭವಾಗಿ ಸೋಲುವುದಿಲ್ಲ. ಕಲ್ಲು ಕಲ್ಲನ್ನು ಒತ್ತಿ ಹಿಡಿದಿರುವುದರಿಂದ ಒಂದೆರಡು ಕಡೆ ಬಿರುಕು ಬಿಟ್ಟರೂ ಅದು ಹೊಂದಿಕೊಂಡು ನಿಲ್ಲುತ್ತದೆ. ಬ್ರಿಟಿಷ್ ಸೇನೆಗಾಗಿ ರೂಪುಗೊಂಡು ಇಂದಿಗೂ ಬಳಕೆಯಲ್ಲಿರುವ ಮೆಕ್ಸಿ ವಿಧಾನವು ಕಮಾನಿನ ಅಗಲ, ಎತ್ತರ, ಕಲ್ಲಿನ ದಪ್ಪ, ಮೇಲೆ ತುಂಬಿದ ಮಣ್ಣಿನ ದಪ್ಪ, ಸಂದುಗಳ ಸ್ಥಿತಿ ಇವನ್ನೆಲ್ಲ ಕೂಡಿಸಿ, ಎಷ್ಟು ಭಾರದ ವಾಹನವನ್ನು ಬಿಡಬಹುದೆಂದು ಅಂದಾಜು ಮಾಡುತ್ತದೆ. ಆದರೆ ಆ ಸೂತ್ರದ ಲೆಕ್ಕದೊಳಗೆ ಕಂಬದ ಬುಡ ಬರುವುದಿಲ್ಲ. ನೆರೆಯಲ್ಲಿ ಕಂಬದ ಸುತ್ತ ಸುಳಿಯುವ ನೀರು ತಳದ ಮಣ್ಣನ್ನು ಕೊರೆದು ಒಯ್ಯುತ್ತದೆ. ಬುಡ ಜರುಗಿದರೆ ಮೇಲಿನ ಕಮಾನು ಎಷ್ಟೇ ಗಟ್ಟಿಯಾಗಿದ್ದರೂ ಪ್ರಯೋಜನವಿಲ್ಲ. ನೆರೆ ಇಳಿಯುವಾಗ ಆ ಗುಂಡಿಯಲ್ಲಿ ಮತ್ತೆ ಸಡಿಲ ಮರಳು ತುಂಬಿಕೊಳ್ಳುವುದರಿಂದ, ಬೇಸಿಗೆಯಲ್ಲಿ ದಡದ ಮೇಲೆ ನಿಂತು ನೋಡಿದವರಿಗೆ ಎಲ್ಲವೂ ಸರಿಯಾಗಿರುವಂತೆಯೇ ಕಾಣುತ್ತದೆ. ಮುಳುಗುಗಾರರನ್ನು ಇಳಿಸದೆ, ತಳಪಾಯದ ಆಳವನ್ನು ಅಳೆಯದೆ ಕೊಡುವ ಯೋಗ್ಯತಾ ಪತ್ರವನ್ನು ನಾನು ಒಪ್ಪಲಾರೆ.

ದುರಸ್ತಿಯ ವಿಷಯದಲ್ಲಿಯೂ ನನಗೆ ತಕರಾರಿದೆ. ಸುಣ್ಣದ ಗಾರೆಯಲ್ಲಿ ಕಟ್ಟಿದ ಸೇತುವೆಗೆ ಸಿಮೆಂಟು ಮೆತ್ತುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಸುಣ್ಣದ ಗಾರೆ ತೇವವನ್ನು ಹೊರಬಿಡುತ್ತದೆ, ಕಲ್ಲಿನ ಸಣ್ಣ ಚಲನೆಗೆ ಮಣಿಯುತ್ತದೆ. ಬಿಗಿಯಾದ ಸಿಮೆಂಟು ತೇವವನ್ನು ಒಳಗೇ ತಡೆದು ಕಲ್ಲಿನ ಮೈಯನ್ನೇ ಉದುರಿಸುತ್ತದೆ. ಇನ್ನು ಹಳೆಯ ಡಾಂಬರಿನ ಮೇಲೆ ಹೊಸ ಡಾಂಬರು ಪದರ ಪದರವಾಗಿ ಏರಿ ನೀರು ಹೋಗುವ ಕಿಂಡಿಗಳು ಮುಚ್ಚಿದಾಗ, ಒಳಗಿನ ಮಣ್ಣು ನೆನೆದು ಪಕ್ಕದ ಗೋಡೆಗಳನ್ನು ಹೊರಕ್ಕೆ ತಳ್ಳುತ್ತದೆ. ಸಂದಿನಲ್ಲಿ ಬೇರೂರಿದ ಅರಳಿ ಗಿಡವನ್ನು ಬರೀ ಕತ್ತರಿಸಿದರೆ ಅದು ಮತ್ತೆ ಚಿಗುರುತ್ತದೆ.

ಇಂಗ್ಲೆಂಡಿನ ಟ್ಯಾಡ್‌ಕಾಸ್ಟರ್ ಊರಿನ ಹಳೆಯ ಕಲ್ಲಿನ ಸೇತುವೆ 2015ರ ಡಿಸೆಂಬರ್ 29ರಂದು ವಾರ್ಫ್ ನದಿಯ ನೆರೆಗೆ ಭಾಗಶಃ ಕುಸಿದು, ಊರೇ ಎರಡಾಯಿತು. ಅದನ್ನು ಕೆಡವಿಹಾಕದೆ, ಮತ್ತೆ ಕಟ್ಟಿ, ಸ್ವಲ್ಪ ಅಗಲವನ್ನೂ ಮಾಡಿ 2017ರ ಫೆಬ್ರುವರಿಯಲ್ಲಿ ವಾಹನಗಳಿಗೆ ಬಿಟ್ಟುಕೊಟ್ಟರು. ನಮ್ಮಲ್ಲಿ ಉಳಿದಿರುವ ಕಮಾನು ಸೇತುವೆಗಳಿಗೂ ಅಂಥದೇ ಶ್ರದ್ಧೆ ಸಲ್ಲಬೇಕು, ಅದೂ ಕುಸಿಯುವ ಮೊದಲೇ. ನೆರೆಯ ಮಟ್ಟ ನಿಗದಿತ ಗೆರೆಯನ್ನು ದಾಟಿದ ಕೂಡಲೇ ಸಂಚಾರ ನಿಲ್ಲಿಸುವ ಅಧಿಕಾರ ಸ್ಥಳದಲ್ಲಿರುವವರಿಗೇ ಇರಬೇಕು, ಆ ಗೆರೆಯನ್ನು ಕಂಬದ ಮೇಲೆ ಈ ಬೇಸಿಗೆಯಲ್ಲಿಯೇ ಬರೆಯಬೇಕು.