ಸಾರಿ ಹೇಳುವವರು, ಸಾರಿ ಕೇಳುವವರು

ಇಂಗ್ಲಿಷರು ಸಾರಿ ಹೇಳುತ್ತಾರೆ, ನಾವು ಸಾರಿ ಕೇಳುತ್ತೇವೆ. ಪದ ಅವರದು, ಅದಕ್ಕೆ ನಾವು ಜೋಡಿಸಿಕೊಂಡ ಕ್ರಿಯಾಪದ ನಮ್ಮದು. 'ಹೋಗು, ಅವನಿಗೆ ಸಾರಿ ಕೇಳು' ಎಂದು ಮಗನನ್ನು ಕಳಿಸುವ ತಾಯಿಯ ಬಾಯಲ್ಲಿ ಸಾರಿ ಎಂದರೆ ಕ್ಷಮೆ. ಇನ್ನೊಬ್ಬರ ಕೈಯಲ್ಲಿರುವ, ಕೇಳಿ ಪಡೆಯಬೇಕಾದ ವಸ್ತು. ಇಂಗ್ಲಿಷಿನಲ್ಲಿ 'ಐ ಆಮ್ ಸಾರಿ' ಎಂದರೆ 'ನನಗೆ ನೋವಾಗಿದೆ' ಎಂದಷ್ಟೇ. ಹಳೆಯ ಇಂಗ್ಲಿಷಿನ 'ಸಾರಿಗ್' ಎಂಬ ರೂಪದಿಂದ ಅದು ಬಂದಿದೆ, ಹುಣ್ಣಿಗೂ ಮೈನೋವಿಗೂ ಇಂದು ಬಳಸುವ 'ಸೋರ್' ಅದರ ಹತ್ತಿರದ ನೆಂಟ. ಹೇಳಿದವರು ತಮ್ಮ ಮನಸ್ಸಿನ ಸ್ಥಿತಿಯನ್ನು ತಿಳಿಸಿದರು, ಅಲ್ಲಿಗೆ ಮಾತು ಪೂರ್ತಿಯಾಯಿತು. ನಮ್ಮಲ್ಲಿ ಹಾಗಲ್ಲ. ಎದುರಿನವರು 'ಇರಲಿ ಬಿಡಿ' ಎನ್ನುವ ತನಕ ಅದು ಬಾಕಿ ಉಳಿದಿರುತ್ತದೆ.

ಇಂಗ್ಲೆಂಡಿಗೆ ಬಂದು ನೆಲೆಸಿದ ಕನ್ನಡಿಗರು ಈ ಪದದ ವಿಷಯದಲ್ಲಿ ಎಡವುವುದು ಬಹುಪಾಲು ಇಲ್ಲೇ. ಕೆಲವರಿಗೆ ಇಲ್ಲಿನವರು ಪ್ರತಿ ಮಾತಿಗೂ ತಪ್ಪೊಪ್ಪಿಕೊಳ್ಳುವ ಅಂಜುಬುರುಕರಂತೆ ಕಾಣುತ್ತಾರೆ, ಇನ್ನು ಕೆಲವರಿಗೆ ಬಾಯಿಮಾತಿನ ಕಪಟಿಗಳಂತೆ. ಎರಡೂ ತಪ್ಪು ಲೆಕ್ಕ.

ಸೂಪರ್‌ಮಾರ್ಕೆಟ್ಟಿನ ಇಕ್ಕಟ್ಟಾದ ಸಾಲೊಂದನ್ನು ನೋಡಿ. ಹಾಲಿನ ಕ್ಯಾನುಗಳ ಮುಂದೆ ಒಬ್ಬರು ನಿಂತು ತಾರೀಖು ಓದುತ್ತಿದ್ದಾರೆ. ಹಿಂದಿನಿಂದ ಬಂದವರು 'ಸಾರಿ' ಎನ್ನುತ್ತಾರೆ, ಸ್ವಲ್ಪ ಜರುಗಿ ಎಂದು ಅದರರ್ಥ. ನಿಂತವರು 'ಓ, ಸಾರಿ' ಎಂದು ಜರುಗುತ್ತಾರೆ, ಅಡ್ಡ ನಿಂತಿದ್ದೆ ಎಂದರ್ಥ. ಜರುಗುವಾಗ ಒಬ್ಬರ ಬುಟ್ಟಿ ಇನ್ನೊಬ್ಬರ ಮೊಣಕೈಗೆ ತಾಗುತ್ತದೆ. ಇಬ್ಬರೂ ಒಟ್ಟಿಗೇ ಮತ್ತೆ 'ಸಾರಿ' ಎನ್ನುತ್ತಾರೆ. ಐದಾರು ಸೆಕೆಂಡುಗಳಲ್ಲಿ ನಾಲ್ಕು ಸಲ ಆ ಪದ ಬಂತು, ತಪ್ಪು ಮಾಡಿದವರು ಒಬ್ಬರೂ ಇಲ್ಲ. 'ನೀವು ಇಲ್ಲಿದ್ದೀರಿ ಎಂದು ನನಗೆ ಗೊತ್ತಿದೆ' ಎಂದು ಪರಸ್ಪರ ತಿಳಿಸುವುದೇ ಆ ಸಾರಿಯ ಕೆಲಸ. ಇದನ್ನು ಹೇಳದೆ ಸುಮ್ಮನೆ ಪಕ್ಕದಿಂದ ನುಸುಳಿದರೆ ಒರಟು ಮನುಷ್ಯ ಎನಿಸಿಕೊಳ್ಳುತ್ತೀರಿ. ಮೆಜೆಸ್ಟಿಕ್ಕಿನ ಬಸ್ ನಿಲ್ದಾಣದಲ್ಲಿ ಭುಜಕ್ಕೆ ಭುಜ ಉಜ್ಜಿದರೆ ಯಾರೂ ಮಾತಾಡುವುದಿಲ್ಲ. ಅಲ್ಲಿ ಮೈ ತಾಗುವುದು ಜನಸಂದಣಿಯ ಸಹಜ ಭಾಗ, ಅದನ್ನು ಒರಟುತನವೆಂದು ಯಾರೂ ಎಣಿಸುವುದಿಲ್ಲ. ಇಲ್ಲಿ ಮೈಗೂ ಮೈಗೂ ನಡುವೆ ಒಂದು ಕೈ ಅಂತರವಾದರೂ ಇರಬೇಕೆಂಬ ನಿರೀಕ್ಷೆ ಇದೆ, ಅದನ್ನು ದಾಟುವಾಗಲೆಲ್ಲ ಬಾಯಿ ತೆರೆಯಬೇಕು.

ಅರ್ಥವನ್ನು ತಿಳಿಸುವುದು ದನಿ. ಕೊನೆಯ ಅಕ್ಷರದಲ್ಲಿ ದನಿ ಮೇಲೇರಿದರೆ, 'ಸಾರೀ?', ನಿಮ್ಮ ಮಾತು ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಿ ಎಂದು. ನಾವು 'ಹಾಂ?' ಅಥವಾ 'ಏನಂದ್ರಿ?' ಎನ್ನುವ ಜಾಗ ಅದು. ಹೊಸಬರು ಇದನ್ನು ಕ್ಷಮಾಪಣೆ ಎಂದುಕೊಂಡು 'ಇಟ್ಸ್ ಓಕೆ' ಎಂದುಬಿಡುತ್ತಾರೆ, ಕೌಂಟರಿನ ಆಚೆಗಿರುವವರು ಗೊಂದಲದಲ್ಲಿ ಮುಖ ನೋಡುತ್ತಾರೆ. ದನಿ ಚಿಕ್ಕದಾಗಿ ಕೆಳಗಿಳಿದರೆ ದಾರಿ ಬಿಡಿ ಎಂದು, ಇಲ್ಲವೇ ತಗುಲಿತು ಎಂದು. ಮಾತಿನ ನಡುವೆ ವೇಗವಾಗಿ ಬಂದುಹೋದರೆ ನಾಲಿಗೆ ತಪ್ಪಿತು, ತಿದ್ದಿಕೊಳ್ಳುತ್ತಿದ್ದೇನೆ ಎಂದು: 'ಮಂಗಳವಾರ, ಸಾರಿ, ಬುಧವಾರ'. ಪೂರ್ತಿ 'ಐ ಆಮ್ ಸಾರಿ' ಎಂದು ಒಂದೊಂದು ಪದವನ್ನೂ ಬಿಡಿಸಿ, ಹುಬ್ಬೇರಿಸಿ, ಪ್ರಶ್ನೆಯಂತೆ ಹೇಳಿದರೆ ಎಚ್ಚರ. ನೀವು ಹೇಳಿದ್ದು ಅವರಿಗೆ ಅವಮಾನವಾಗಿ ಕೇಳಿಸಿದೆ, ಹಿಂತೆಗೆದುಕೊಳ್ಳಲು ಒಂದು ಅವಕಾಶ ಕೊಡುತ್ತಿದ್ದಾರೆ.

ಅಟ್ಲಾಂಟಿಕ್ ದಾಟಿದರೆ ಹಂಚಿಕೆ ಬದಲಾಗುತ್ತದೆ. ದಾರಿ ಬಿಡಿಸಿಕೊಳ್ಳಲು ಅಮೆರಿಕದವರು ಹೆಚ್ಚಾಗಿ 'ಎಕ್ಸ್‌ಕ್ಯೂಸ್ ಮಿ' ಎನ್ನುತ್ತಾರೆ. ಕೆನಡಾದವರು ಬ್ರಿಟಿಷರಷ್ಟೇ ಧಾರಾಳವಾಗಿ ಸಾರಿ ಬಳಸುತ್ತಾರೆ, ಆದರೆ ಅವರ ಬಾಯಲ್ಲಿ ಅದು 'ಸೋರಿ'.

ಇನ್ನು ಸಾರಿಯ ಹಿಂದೆಯೇ ಬರುವ ಚಿಕ್ಕ ಪದಗಳು. ವ್ಯಾಕರಣ ಪುಸ್ತಕದಲ್ಲಿ ಇವು ಅರ್ಧ ಪುಟವನ್ನೂ ತುಂಬುವುದಿಲ್ಲ, ಬದುಕಿನಲ್ಲಿ ಮಾತ್ರ ಎಲ್ಲ ಇವುಗಳ ಮೇಲೆ ನಿಂತಿದೆ. 'ಸಾರಿ ಅಬೌಟ್' ಎಂದ ಮೇಲೆ ಒಂದು ಸಂಗತಿ ಬರುತ್ತದೆ: ಗಲಾಟೆ, ತಡ, ಹವಾಮಾನ. ಅದಕ್ಕೆ ಹೇಳಿದವರೇ ಕಾರಣರಾಗಬೇಕೆಂದಿಲ್ಲ. 'ಸಾರಿ ಫಾರ್' ಆದಮೇಲೆ ತಾನು ಮಾಡಿದ ಕೆಲಸ ಬಂದರೆ ನಿಜವಾದ ಕ್ಷಮಾಪಣೆ. ಅಲ್ಲಿ ಒಬ್ಬ ವ್ಯಕ್ತಿ ಬಂದರೆ ಅರ್ಥ ಪೂರಾ ತಿರುಗಿ ಕನಿಕರವಾಗುತ್ತದೆ. ಸಾವಿನ ಮನೆಗೆ ಹೋದ ನಮ್ಮವರು ತುಂಬಿದ ಮನಸ್ಸಿನಿಂದಲೇ 'ಐ ಆಮ್ ವೆರಿ ಸಾರಿ ಫಾರ್ ಯು' ಎನ್ನುವುದುಂಟು. ಅದು 'ಪಾಪ, ನಿಮ್ಮ ಗತಿ ನೋಡಿ ಮರುಕ ಬರುತ್ತೆ' ಎಂದಂತೆ ಕೇಳಿಸುತ್ತದೆ. ಅಲ್ಲಿ ಹೇಳಬೇಕಾದದ್ದು 'ಐ ಆಮ್ ಸೋ ಸಾರಿ ಟು ಹಿಯರ್ ಅಬೌಟ್ ಯುವರ್ ಫಾದರ್', ಇಲ್ಲವೇ 'ಸಾರಿ ಫಾರ್ ಯುವರ್ ಲಾಸ್'. ನಮ್ಮ 'ಹೀಗಾಗಬಾರದಿತ್ತು' ಎಂಬ ಮಾತಿಗೆ ಇವು ತೀರ ಹತ್ತಿರ.

'ಸಾರಿ, ಬಟ್' ಎಂಬುದು ಇಲ್ಲ ಎನ್ನುವ ಮಾತು. ಮನೆ ಬಾಡಿಗೆ ಏಜೆಂಟರು, ಬ್ಯಾಂಕಿನವರು, ಶಾಲೆಯ ಕಚೇರಿಯವರು 'ಐ ಆಮ್ ಸಾರಿ, ಬಟ್' ಎಂದು ಶುರು ಮಾಡಿದರೆ ತೀರ್ಮಾನ ಆಗಿಹೋಗಿದೆ. ಇಷ್ಟು ಮೆತ್ತಗೆ ಮಾತಾಡುತ್ತಿದ್ದಾರಲ್ಲ, ಸ್ವಲ್ಪ ಒತ್ತಾಯ ಮಾಡಿದರೆ ಒಪ್ಪುತ್ತಾರೆ ಎಂದು ನಮ್ಮವರು ಮತ್ತೆ ಮತ್ತೆ ಕೇಳುತ್ತಾರೆ. ದನಿ ಮೆತ್ತಗಿದ್ದರೂ ಬಾಗಿಲು ಮುಚ್ಚಿದೆ. ಕೇಳಬೇಕಾದ ಪ್ರಶ್ನೆ ಬೇರೆ: ಈ ತೀರ್ಮಾನದ ವಿರುದ್ಧ ಅಪೀಲು ಎಲ್ಲಿ ಹಾಕಬೇಕು, ಎಷ್ಟು ದಿನದೊಳಗೆ? ಕೊನೆಯದು 'ಸಾರಿ, ಇಫ್'. 'ಯಾರಿಗಾದರೂ ನೋವಾಗಿದ್ದರೆ ಸಾರಿ' ಎನ್ನುವ ವಾಕ್ಯ ಕನ್ನಡದ ರಾಜಕಾರಣಿಗಳಿಗೂ ಚೆನ್ನಾಗಿ ಒಗ್ಗಿದೆ. ತಪ್ಪನ್ನು ಮಾಡಿದವನಿಂದ ಎತ್ತಿ, ನೊಂದವನ ಸೂಕ್ಷ್ಮ ಸ್ವಭಾವದ ಮೇಲೆ ಹೊರಿಸುವ ವಾಕ್ಯ ಅದು. ಅದನ್ನು ಕ್ಷಮಾಪಣೆ ಎಂದು ಸ್ವೀಕರಿಸಬೇಕಾಗಿಲ್ಲ.

ಮೀಟಿಂಗಿನ ಕಾರ್ಯಸೂಚಿಯಲ್ಲಿ ಮೊದಲ ಅಂಶವಾಗಿ 'ಅಪಾಲಜೀಸ್' ಎಂದಿರುತ್ತದೆ. ಯಾರಿಗೆ ಬರಲಾಗಲಿಲ್ಲವೋ ಅವರ ಹೆಸರುಗಳ ಪಟ್ಟಿ ಅದು, ಬೇರೇನಲ್ಲ.

ಕಾನೂನಿನಲ್ಲೂ ಈ ಪದಕ್ಕೆ ಜಾಗ ಮಾಡಿಕೊಡಲಾಗಿದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2006ರ ಕಾಂಪೆನ್ಸೇಶನ್ ಆಕ್ಟಿನ 2ನೇ ಸೆಕ್ಷನ್ ಪ್ರಕಾರ, ಕ್ಷಮಾಪಣೆ ಹೇಳಿದ ಮಾತ್ರಕ್ಕೆ ನಿರ್ಲಕ್ಷ್ಯವನ್ನು ಒಪ್ಪಿಕೊಂಡಂತಾಗುವುದಿಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಅದೇ 2006ರಲ್ಲಿ, ಒಂಟಾರಿಯೊ 2009ರಲ್ಲಿ, ಸ್ಕಾಟ್ಲೆಂಡ್ 2016ರಲ್ಲಿ ಇದಕ್ಕೆಂದೇ ಕಾಯ್ದೆ ಮಾಡಿದವು. ಹಾಗೆಂದು ರಸ್ತೆಯಲ್ಲಿ ಗಾಡಿ ತಾಗಿದಾಗ ಮೈಮರೆಯಬಾರದು. ಇಳಿದು ಮೊದಲು 'ಆರ್ ಯು ಹರ್ಟ್?' ಎಂದು ಕೇಳಿ. ಹೆಸರು, ವಿಳಾಸ, ಗಾಡಿಯ ನಂಬರು ಕೊಡಿ, ಅದು ಕಾನೂನಿನ ಕಡ್ಡಾಯ. ಫೋಟೊ ತೆಗೆದುಕೊಳ್ಳಿ. ಬಾಯಿತಪ್ಪಿ ಸಾರಿ ಎಂದರೆ ಆಕಾಶ ಕಳಚಿ ಬೀಳುವುದಿಲ್ಲ, ಆದರೆ 'ಇಟ್ ವಾಸ್ ಮೈ ಫಾಲ್ಟ್' ಎನ್ನಬೇಡಿ. ಇನ್ಶೂರೆನ್ಸ್ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಹೊಣೆ ಒಪ್ಪಿಕೊಳ್ಳಬಾರದು ಎಂಬ ಷರತ್ತು ಇರುತ್ತದೆ. ನಮ್ಮವರಿಗೆ ಸಾರಿ ಮತ್ತು 'ತಪ್ಪು ನಂದೇ' ಎರಡೂ ಒಂದೇ ಉಸಿರಿನಲ್ಲಿ ಬರುತ್ತವೆ, ಕಷ್ಟ ಅಲ್ಲಿದೆ.

ಆಸ್ಪತ್ರೆಯ ಸಾರಿ ಇನ್ನೂ ಮುಖ್ಯ. ಮಿಡ್ ಸ್ಟಾಫರ್ಡ್‌ಶೈರ್ ಆಸ್ಪತ್ರೆಯಲ್ಲಿ ರೋಗಿಗಳಿಗಾದ ಅನ್ಯಾಯದ ಬಗ್ಗೆ 2013ರಲ್ಲಿ ಸಾರ್ವಜನಿಕ ವಿಚಾರಣೆಯ ವರದಿ ಬಂದ ಮೇಲೆ, 2014ರಿಂದ ಇಂಗ್ಲೆಂಡಿನಲ್ಲಿ 'ಡ್ಯೂಟಿ ಆಫ್ ಕ್ಯಾಂಡರ್' ಎಂಬ ನಿಯಮ ಜಾರಿಗೆ ಬಂತು. ಚಿಕಿತ್ಸೆಯಲ್ಲಿ ಗಂಭೀರ ಹಾನಿಯಾದರೆ ರೋಗಿಗೆ ಅಥವಾ ಮನೆಯವರಿಗೆ ಬೇಗನೆ ವಿಷಯ ತಿಳಿಸಬೇಕು, ಕ್ಷಮೆ ಕೋರಬೇಕು, ಮುಂದೆ ಏನೇನು ತನಿಖೆ ಎಂದು ಹೇಳಬೇಕು, ಆಮೇಲೆ ಎಲ್ಲವನ್ನೂ ಬರೆದೂ ಕೊಡಬೇಕು. ಅಂಥ ಪತ್ರ ಮನೆಗೆ ಬಂದಾಗ 'ನೋಡಿ, ಒಪ್ಪಿಕೊಂಡುಬಿಟ್ಟರು' ಎಂದು ಎಣಿಸುವುದೂ ಸರಿಯಲ್ಲ, ಕಾಟಾಚಾರವೆಂದು ಎತ್ತಿ ಬದಿಗಿಡುವುದೂ ಸರಿಯಲ್ಲ. ಏನಾಯಿತು, ಯಾರು ತನಿಖೆ ಮಾಡುತ್ತಾರೆ, ಉತ್ತರ ಯಾವಾಗ ಬರುತ್ತದೆ ಎಂಬ ಮೂರು ಪ್ರಶ್ನೆಗಳನ್ನು ಬರವಣಿಗೆಯಲ್ಲೇ ಕೇಳಬೇಕು. ಭಾರತದ 1971ರ ನ್ಯಾಯಾಂಗ ನಿಂದನೆ ಕಾಯ್ದೆಯ 12ನೇ ಸೆಕ್ಷನ್ ಇದಕ್ಕೆ ಬೇರೆಯೇ ದಿಕ್ಕಿನದು. ಕ್ಷಮಾಪಣೆ ನ್ಯಾಯಾಲಯಕ್ಕೆ ತೃಪ್ತಿಯಾದರೆ ಶಿಕ್ಷೆ ಮನ್ನಾ ಆಗಬಹುದು. ಕೇಳುವುದು ಒಬ್ಬರು, ಕೊಡುವುದು ಇನ್ನೊಬ್ಬರು ಎಂಬ ನಮ್ಮ ಮನೆಯ ಲೆಕ್ಕವೇ ಅಲ್ಲಿಯೂ ಇದೆ.

ದಿನವಿಡೀ ಸಾರಿ ಎನ್ನುವ ದೇಶಕ್ಕೆ ನಿಜವಾಗಿ ಹೇಳಬೇಕಾದ ಕಡೆ ಆ ಪದ ಎಷ್ಟು ಭಾರ ಎನ್ನುವುದು ಜಲಿಯನ್‌ವಾಲಾ ಬಾಗ್ ವಿಷಯದಲ್ಲಿ ಕಾಣುತ್ತದೆ. 1919ರ ಏಪ್ರಿಲ್ 13ರಂದು ಅಲ್ಲಿ ಸತ್ತವರು ಬ್ರಿಟಿಷ್ ಸರ್ಕಾರದ ಲೆಕ್ಕದಲ್ಲೇ 379 ಜನ. ನೂರು ವರ್ಷ ತುಂಬಿದಾಗ, 2019ರ ಏಪ್ರಿಲ್‌ನಲ್ಲಿ, ಪ್ರಧಾನಿ ತೆರೇಸಾ ಮೇ ಪಾರ್ಲಿಮೆಂಟಿನಲ್ಲಿ ತೀವ್ರ ವಿಷಾದ ವ್ಯಕ್ತಪಡಿಸಿದರು, ಕ್ಷಮಾಪಣೆ ಹೇಳಲಿಲ್ಲ. ಕೆನಡಾ ಬೇರೆ ದಾರಿ ಹಿಡಿಯಿತು. 1914ರಲ್ಲಿ ನೆಲೆಸಲು ಬಂದ 376 ಭಾರತೀಯ ಪ್ರಯಾಣಿಕರಿದ್ದ ಕೋಮಗಾಟಾ ಮಾರು ಹಡಗನ್ನು ವ್ಯಾಂಕೂವರ್‌ನಿಂದ ಹಿಂದಕ್ಕಟ್ಟಿದ್ದಕ್ಕೆ 2016ರ ಮೇ 18ರಂದು ಪ್ರಧಾನಿ ಜಸ್ಟಿನ್ ಟ್ರುಡೊ ಪಾರ್ಲಿಮೆಂಟಿನಲ್ಲೇ ನಿಂತು ಕ್ಷಮೆ ಕೋರಿದರು. ಆಸ್ಟ್ರೇಲಿಯಾದಲ್ಲಿ ಮೂಲನಿವಾಸಿಗಳ ಮಕ್ಕಳನ್ನು ಹೆತ್ತವರಿಂದ ಕಿತ್ತುಕೊಂಡ ಅನ್ಯಾಯಕ್ಕೆ 1998ರಿಂದ ಮೇ 26ರಂದು ಸಾರಿ ಡೇ ಆಚರಿಸುತ್ತಾರೆ. ಅಲ್ಲಿನ ಪಾರ್ಲಿಮೆಂಟು 1999ರಲ್ಲಿ ವಿಷಾದವನ್ನಷ್ಟೇ ದಾಖಲಿಸಿತ್ತು. ಆ ಒಂದು ಪದ ಪ್ರಧಾನಿ ಕೆವಿನ್ ರಡ್ ಅವರ ಬಾಯಿಂದ ಬಂದದ್ದು 2008ರ ಫೆಬ್ರವರಿ 13ರಂದು. ವಿಷಾದಕ್ಕೂ ಕ್ಷಮೆಗೂ ನಡುವಿನ ಅಂತರ ನೊಂದವರಿಗೆ ಚೆನ್ನಾಗಿ ಗೊತ್ತು, ಆದ್ದರಿಂದಲೇ ಅವರು ಪದಕ್ಕಾಗಿ ಪಟ್ಟು ಹಿಡಿಯುತ್ತಾರೆ. ಅದು ಹಟವಲ್ಲ.

ನಮ್ಮ ಕಡೆ ಕ್ಷಮೆ ಕೇಳುವುದಕ್ಕೆ ಪದಕ್ಕಿಂತ ಕೈಯೇ ಹೆಚ್ಚು ಕೆಲಸ ಮಾಡುತ್ತದೆ. ಯಾರಿಗಾದರೂ ಕಾಲು ತಗುಲಿದರೆ ತಟ್ಟನೆ ಬಾಗಿ ಅವರನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇವೆ. ಪುಸ್ತಕಕ್ಕೆ ತಗುಲಿದರೂ ಅಷ್ಟೆ. ದೇವರ ಮುಂದೆ ತಪ್ಪಾಯ್ತೆಂದು ಕೆನ್ನೆ ತಟ್ಟಿಕೊಳ್ಳುತ್ತೇವೆ, ಹರಕೆ ಮರೆತಿದ್ದರೆ ತಪ್ಪು ಕಾಣಿಕೆ ಹಾಕುತ್ತೇವೆ. ಮಾತಿನಲ್ಲಿ ಹೇಳುವಾಗಲೂ ನಮ್ಮ ಗಮನ ಎದುರಿನವರ ಮನಸ್ಸಿನ ಮೇಲೆ. ಮೈಸೂರಿನವರು 'ಬೇಜಾರ್ ಮಾಡ್ಕೋಬೇಡಿ' ಎನ್ನುತ್ತಾರೆ, ಧಾರವಾಡದವರು 'ತಪ್ಪಾತ್ರಿ, ಸಿಟ್ಟಾಗಬ್ಯಾಡ್ರಿ' ಎನ್ನುತ್ತಾರೆ, ಹಿರಿಯರ ಮುಂದೆ 'ಹೊಟ್ಟೆಗೆ ಹಾಕ್ಕೊಳ್ಳಿ' ಎಂಬ ಮಾತು ಎಲ್ಲ ಕಡೆಯೂ ಇದೆ. ತೀರ ಹತ್ತಿರದವರಲ್ಲಿ ಸಾರಿ ಎಂದರೆ ಅವರಿಗೇ ನೋವು: 'ನಂಗ್ಯಾಕೆ ಸಾರಿ ಕೇಳ್ತೀಯ, ನಾನೇನು ಹೊರಗಿನವನಾ?'

ಇಂಗ್ಲೆಂಡಿನಲ್ಲಿ ಬೆಳೆಯುವ ಮಕ್ಕಳಿಗೆ ಇವೆರಡನ್ನೂ ಬೇರೆ ಬೇರೆಯಾಗಿಯೇ ಕಲಿಸಬೇಕು ಎಂಬುದು ನನ್ನ ಗಟ್ಟಿ ಅನಿಸಿಕೆ. ಅಜ್ಜಿಯ ಮೈಗೆ ಕಾಲು ತಗುಲಿಸಿದ ಮೊಮ್ಮಗಳು ಓಡುತ್ತಲೇ 'ಸಾರಿ ಅಜ್ಜಿ' ಎಂದರೆ ಅವಳ ಮಟ್ಟಿಗೆ ಲೆಕ್ಕ ಮುಗಿಯಿತು, ಅಜ್ಜಿಯ ಮಟ್ಟಿಗೆ ಶುರುವೇ ಆಗಿಲ್ಲ. ಹಾಗೆಯೇ ಶಾಲೆಯಲ್ಲಿ ಗೆಳತಿಗೆ ಡಿಕ್ಕಿ ಹೊಡೆದು, ಮನೆಯ ಅಭ್ಯಾಸದಂತೆ ಅವಳನ್ನು ಮುಟ್ಟಿ ಸುಮ್ಮನಾದರೆ ಟೀಚರಿಗೆ ಅದು ಕ್ಷಮಾಪಣೆಯಾಗಿ ಕಾಣುವುದೇ ಇಲ್ಲ. ಬಾಯಿಬಿಟ್ಟು ಹೇಳಬೇಕು.

ಆದರೆ ನಮ್ಮ ಕೇಳುವ ಪದ್ಧತಿಯಲ್ಲಿ ಒಂದು ದೊಡ್ಡ ಕೊರತೆ ಇದೆ, ಅದನ್ನು ಮುಚ್ಚಿಡಬಾರದು. ಕೇಳಿದ ಮೇಲೆ ಕೊಡಲೇಬೇಕು ಎಂಬ ಒತ್ತಡ ನೊಂದವರ ಮೇಲೆ ಬೀಳುತ್ತದೆ. 'ಅವನೇ ಬಂದು ಸಾರಿ ಕೇಳಿದನಲ್ಲ, ಇನ್ನೇನು ನಿನ್ನದು?' ಎಂದು ಮನೆಮಂದಿ ಒಟ್ಟಾಗಿ ಹೇಳುವುದನ್ನು ಎಷ್ಟೋ ಹೆಣ್ಣುಮಕ್ಕಳು ಕೇಳಿದ್ದಾರೆ. 'ಪರವಾಗಿಲ್ಲ ಬಿಡಿ' ಎಂಬ ಒಂದೇ ಉತ್ತರ ನಮಗೆ ಅಭ್ಯಾಸ, ಪರವಾಗಿದ್ದರೂ ಅದನ್ನೇ ಹೇಳುತ್ತೇವೆ. ಇಂಗ್ಲಿಷಿನಲ್ಲಿ ಸಣ್ಣದಕ್ಕೆ 'ನೋ ವರೀಸ್' ಎನ್ನುತ್ತಾರೆ. ದೊಡ್ಡದಕ್ಕೆ 'ಥ್ಯಾಂಕ್ ಯು ಫಾರ್ ಸೇಯಿಂಗ್ ದಟ್' ಎನ್ನುವ ರೂಢಿ ಇದೆ. ನೀವು ಹೇಳಿದ್ದನ್ನು ಕೇಳಿಸಿಕೊಂಡೆ ಎಂದಷ್ಟೇ ಅದರ ಅರ್ಥ, ಕ್ಷಮಿಸುವುದು ಬಿಡುವುದು ಆಮೇಲಿನ ಮಾತು. 'ನೀವು ಬಂದು ಹೇಳಿದ್ದು ಒಳ್ಳೇದಾಯ್ತು, ನಂಗೆ ಸ್ವಲ್ಪ ಟೈಮ್ ಬೇಕು' ಎಂದು ಕನ್ನಡದಲ್ಲಿ ಹೇಳಿದರೆ ಯಾರ ಮರ್ಯಾದೆಗೂ ಕುಂದಿಲ್ಲ, ಹಾಗೆ ಹೇಳಿದವರನ್ನು ಕಲ್ಲುಮನಸ್ಸಿನವರು ಎಂದು ಸುತ್ತಲಿನವರು ದೂರಬಾರದು.